ಹದಿನೇಳನೆಯ ಕುಂಡ

ಪಂಡಿತರ ಮನೆಗೆ ಎರಡು ಬಾಗಿಲು. ಮುಂದಿನ ಬಾಗಿಲಲ್ಲಿ ಕೊಟ್ಟದ್ದಕ್ಕೆ ಔಷಧ ಎಂದು ಹೆಸರು, ಹಿಂದಿನ ಬಾಗಿಲಲ್ಲಿ ಕೊಟ್ಟದ್ದಕ್ಕೆ ಮನೆಮದ್ದು ಎಂದು ಹೆಸರು. ಎಷ್ಟೋ ಸಲ ಎರಡೂ ಒಂದೇ ಗಿಡದ್ದಾಗಿರುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಎರಡೂ ಬಾಗಿಲಿಗೆ ಹೋಗುವ ಅಭ್ಯಾಸ ಯಾರಿಗೂ ಇರಲಿಲ್ಲ. ಗಂಡಸರು ಮುಂದಿನಿಂದ ಬರುತ್ತಿದ್ದರು, ಹೆಂಗಸರು ಹಿಂದಿನಿಂದ.

ಮುಂದಿನ ಕೋಣೆಯ ಗೋಡೆಗೆ ಒತ್ತಿ ನಿಂತ ಮರದ ಬೀರುವಿನಲ್ಲಿ ತೊಂಬತ್ತಾರು ಖಾನೆಗಳು. ಒಂದೊಂದರ ಮೇಲೂ ಪಂಡಿತರ ತಂದೆಯ ಕೈಬರಹದ ಚೀಟಿ. ಒಳಗೆ ಒಣಗಿದ ಬೇರು, ತೊಗಟೆ, ಎಲೆ, ಬೀಜ. ಹಿಂದೆ, ನಾಲ್ಕು ಚಾಪೆ ಹಾಸುವಷ್ಟು ಅಗಲದ ಹಿತ್ತಲು. ಅಲ್ಲಿ ಪಂಡಿತರ ಹೆಂಡತಿ. ಹಸಿರು ಕೊಯ್ಯುವುದು, ತೊಳೆಯುವುದು, ನೆರಳಲ್ಲಿ ಒಣಗಿಸುವುದು, ಕಟ್ಟು ಕಟ್ಟುವುದು ಅವಳ ಕೆಲಸ. ನಡುವೆ ಒಂದು ಹೊಸ್ತಿಲು. ಹಸಿ ಎಲೆ ಆ ಹೊಸ್ತಿಲು ದಾಟಬಾರದೆಂದು ಮಾವನವರು ಹಿಂದೆಂದೋ ಕಟ್ಟಳೆ ಮಾಡಿದ್ದರು. ತೇವ ತಾಗಿ ಖಾನೆಗಳಿಗೆ ಬೂಷ್ಟು ಬರುತ್ತದೆ ಎಂಬುದಷ್ಟೇ ಕಾರಣ. ಕಾಲ ಕಳೆದಂತೆ ಬೂಷ್ಟಿನ ವಿಷಯ ಎಲ್ಲರಿಗೂ ಮರೆತುಹೋಗಿ ಕಟ್ಟಳೆ ಮಾತ್ರ ಉಳಿಯಿತು.

ಹೀಗಾಗಿ ಆ ಮನೆಯಲ್ಲಿ ವಿದ್ಯೆಯೂ ಎರಡು ದಾರಿಯಲ್ಲಿ ನಡೆದಿತ್ತು. ಒಣಗಿದ್ದರದು ತಂದೆಯಿಂದ ಮಗನಿಗೆ, ಹಸಿರಿನದು ಅತ್ತೆಯಿಂದ ಸೊಸೆಗೆ. ಸೊಸೆ ಕಟ್ಟನ್ನು ತಟ್ಟೆಯಲ್ಲಿಟ್ಟು ಹೊಸ್ತಿಲ ಮೇಲಿಡುತ್ತಿದ್ದಳು. ಪಂಡಿತರು ಒಂದು ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಮೂಸಿ, "ಹೂಂ" ಎಂದು ಯಾವುದೋ ಖಾನೆಗೆ ಸುರಿಯುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ "ಉಹೂಂ" ಎಂದಿರಲಿಲ್ಲ. ದಾಂಪತ್ಯಕ್ಕೆ ಇನ್ನೇನು ಬೇಕು ಎಂದು ಅವಳು ಅಂದುಕೊಂಡಿದ್ದಳು.

ಅತ್ತೆಗೆ ಪುಸ್ತಕದ ಹೆಸರುಗಳು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಗಿಡಗಳಿಗೆಲ್ಲ ಆಕೆ ನೆಂಟಸ್ತಿಕೆಯ ಹೆಸರಿಟ್ಟಿದ್ದರು. ದಾರಿಯಲ್ಲಿ ಹೋಗುವವರ ಬಟ್ಟೆಗೆ ಅಂಟಿಕೊಂಡು ಬಿಡಿಸಿದರೂ ಬಿಡದವಳು ನಾದಿನಿ. ಮುಟ್ಟಿದರೆ ಮುದುಡಿಕೊಂಡು ಕೆಳಗೆ ಮುಳ್ಳು ಇಟ್ಟುಕೊಂಡವಳು ಹೊಸ ಸೊಸೆ. ಒಂದು ಸಲ ಬಂದು ಇಡೀ ಗೋಡೆ ಹಿಡಿದು, ಬುಡ ಕತ್ತರಿಸಿದರೂ ಮೇಲಿನಿಂದ ಬೇರು ಬಿಟ್ಟುಕೊಂಡು ಇಳಿಯುವ ಬಳ್ಳಿ ಬೀಗಿತ್ತಿ. ಅಂಚಿಗೆಲ್ಲ ಮುಳ್ಳು, ಸೀಳಿದರೆ ತಣ್ಣಗಿನ ಲೋಳೆ, ಅದು ಅಜ್ಜಿ. ಏನಿದ್ದರೂ ಎಲೆಯ ಕೆಳಗೆ ಬಚ್ಚಿಟ್ಟುಕೊಳ್ಳುವ ಪುಟ್ಟ ಗಿಡ ನಡುವಿನ ಮಗಳು. ಹಿತ್ತಲ ಗಿಡ ಮದ್ದಲ್ಲ ಎಂದು ಯಾರಾದರೂ ಗಾದೆ ಹೇಳಿದರೆ ಅತ್ತೆ ಶಾಂತವಾಗಿ, ಆ ಗಾದೆ ಕಟ್ಟಿದವನು ಹಿತ್ತಲು ಗುಡಿಸಿದವನಲ್ಲ ಎನ್ನುತ್ತಿದ್ದರು. ಆಕೆ ಹೋದಮೇಲೆ ಈ ಸಂಸಾರವೆಲ್ಲ ಸೊಸೆಯ ಪಾಲಿಗೆ ಬಂತು.

ಒಂದು ದಿನ ಕಚೇರಿಯಿಂದ ಕಾಗದ ಬಂತು. ಗಿಡಮೂಲಿಕೆಯ ಔಷಧ ಕೊಡುವವರೆಲ್ಲ ಪರೀಕ್ಷೆಗೆ ಬರಬೇಕು. ಇಪ್ಪತ್ತು ಗಿಡ ಗುರುತಿಸಬೇಕು, ಹದಿನೈದು ಸರಿಯಾದರೆ ಪ್ರಮಾಣಪತ್ರ. ಇಲ್ಲದಿದ್ದರೆ ಅಂಗಡಿಯ ಬೋರ್ಡು ಇಳಿಸಬೇಕು, ಖಾನೆಗಳಿಗೆ ಸೀಲು ಬೀಳುತ್ತದೆ. ಒಬ್ಬರಿಗೆ ಎರಡೇ ಅವಕಾಶ.

ಪಂಡಿತರು ನಕ್ಕರು. ತೊಂಬತ್ತಾರು ತಿಳಿದವನಿಗೆ ಇಪ್ಪತ್ತು ಯಾವ ಲೆಕ್ಕ ಎಂದರು. ಅರ್ಜಿ ತುಂಬಲು ಕೂತರು. 'ಸಹಾಯಕರಿದ್ದಲ್ಲಿ ಅವರ ಹೆಸರು' ಎಂಬ ಗೆರೆಯ ಮೇಲೆ 'ಯಾರೂ ಇಲ್ಲ' ಎಂದು ಬರೆದರು. ಮೇಜು ಅಲುಗಾಡುತ್ತಿದ್ದುದರಿಂದ ಆಗ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದವಳು ಹೆಂಡತಿ. ಅವಳಿಗೆ ಓದಲು ಬರುತ್ತಿತ್ತು. ಗಂಡ ಸಹಿ ಮಾಡುವವರೆಗೂ ಮೇಜು ಬಿಡಲಿಲ್ಲ.

ಪರೀಕ್ಷೆಯ ದಿನ ಪಂಡಿತರು ಕೊಡೆ ಹಿಡಿದು ಹೋದರು, ಮಧ್ಯಾಹ್ನದೊಳಗೆ ವಾಪಸು ಬಂದರು. ಎರಡು ಲೋಟ ನೀರು ಕುಡಿದರು. ಕೊಡೆಯನ್ನು ಅಂಗಿಯ ಮೊಳೆಗೆ ನೇತುಹಾಕಿ, ಅಂಗಿಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಹೇಗಾಯಿತು ಎಂದು ಅವಳು ಕೇಳಲಿಲ್ಲ. ಬಿಸಿಲು ಜಾಸ್ತಿ ಇತ್ತು ಎಂದು ಅವರೇ ಹೇಳಿದರು.

ನಡೆದದ್ದು ಅವಳಿಗೆ ಗೊತ್ತಾದದ್ದು ಪಕ್ಕದ ಅಂಗಡಿಯ ದರ್ಜಿಯಿಂದ. ಹೋದ ವರ್ಷದವರೆಗೆ ಪರೀಕ್ಷೆಗೆ ಒಣಗಿದ ಬೇರು ನಾರು ಇಡುತ್ತಿದ್ದರಂತೆ. ಬಂದವರೆಲ್ಲ ಬಾಯಿಗೆ ಹಾಕಿ ರುಚಿ ನೋಡಿ ನೋಡಿ ಮೂರನೆಯ ದಿನಕ್ಕೆ ಪರೀಕ್ಷೆಯೇ ಖಾಲಿಯಾಯಿತಂತೆ. ಅದಕ್ಕೇ ಈ ವರ್ಷ ಜೀವಂತ ಗಿಡ, ಕುಂಡದಲ್ಲಿ. ಪಂಡಿತರು ಇಪ್ಪತ್ತರಲ್ಲಿ ಐದನ್ನು ಗುರುತಿಸಿದ್ದರು. ಆ ಐದು ಕಚೇರಿಯ ಜವಾನನಿಗೂ ಗೊತ್ತಿದ್ದವು.

"ನಿಮ್ಮನೆಯವರು ಗಿಡಗಳನ್ನ ನೋಡಿದ ರೀತಿ ಹೇಗಿತ್ತು ಗೊತ್ತಾ ಅತ್ತಿಗೆ," ಎಂದ ದರ್ಜಿ, ಸೂಜಿಗೆ ದಾರ ಪೋಣಿಸುತ್ತ. "ಉಪ್ಪಿನಕಾಯಿ ತಿಂದು ಬೆಳೆದೋರಿಗೆ ಮಾವಿನ ಮರ ತೋರಿಸ್ದಂಗೆ."

ಅವಳು, ನಿನ್ನ ಗಿರಾಕಿಗಳಿಗೆ ಹತ್ತಿಯ ಗಿಡ ತೋರಿಸಿದರೂ ಅಷ್ಟೇ ಎಂದು ಹೇಳಿ ಒಳಗೆ ಬಂದಳು. ಆದರೆ ಆ ಕುರ್ಚಿ, ಆ ಬೀರು, "ಪಂಡಿತರಿದ್ದಾರಾ" ಎಂದು ಬಾಗಿಲಲ್ಲಿ ಕೇಳುವ ದನಿ, ಇವಿಲ್ಲದೆ ಗಂಡನನ್ನು ಊಹಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಅಲ್ಲದೆ, ಮುಂದಿನ ಬಾಗಿಲಿಗೆ ಸೀಲು ಬಿದ್ದರೆ ಹಿಂದಿನದನ್ನು ಯಾರು ತಟ್ಟುತ್ತಾರೆ? ಎರಡನೆಯ ಪರೀಕ್ಷೆಗೆ ಒಂದು ತಿಂಗಳಿತ್ತು.

ಮರುದಿನ ಬೆಳಿಗ್ಗೆ ಪಂಡಿತರು ಹಿತ್ತಲಿಗೆ ಬಂದರು. ಕೈ ತೊಳೆಯುವ ಕೆಲಸ ಬಿಟ್ಟು ಬೇರೆ ಕಾರಣಕ್ಕೆ ಅವರು ಅಲ್ಲಿಗೆ ಬಂದದ್ದನ್ನು ಅವಳು ಕಂಡಿರಲಿಲ್ಲ.

"ಗೋಡೆ ವಾಲಿದ್ಯಾ ಅಂತ ನೋಡ್ತಿದೀನಿ," ಎಂದರು.

"ನೋಡಿ. ವಾಲಿದ್ರೆ ಕೆಳಗೆ ನಿಂತ್ಕೋಬೇಡಿ."

ಅವರು ಗೋಡೆಯ ಕಡೆ ಮುಖ ಮಾಡಿ, ಕಣ್ಣನ್ನು ಅವಳ ಬುಟ್ಟಿಯ ಕಡೆ ಇಟ್ಟರು. ಅವಳು ಗಿಡ ಕೊಯ್ಯುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳತೊಡಗಿದಳು. ಅವಳಿಗೆ ಅಂಥ ಅಭ್ಯಾಸವೇನೂ ಇರಲಿಲ್ಲ. ನಾದಿನಿ ಎಂದರೆ ಇವಳು, ಕಾಂಡ ಚೌಕ, ತೆನೆ ತಲೆಕೆಳಗಾದ ಮುಳ್ಳಿನದು, ಅಂದಳು. ನಡುವಿನ ಮಗಳು ಇಲ್ಲಿದ್ದಾಳೆ, ಎಲೆ ಮಗುಚಿದರೆ ಸಾಸಿವೆಯಷ್ಟು ಕಾಯಿ, ಅಂದಳು. ಪಂಡಿತರು ಗೋಡೆಗೆ ತಲೆಯಾಡಿಸಿದರು.

ನಾಲ್ಕನೆಯ ದಿನ ದೊಡ್ಡ ತೊಡಕು ಎದುರಾಯಿತು. ನಾದಿನಿ ಯಾವ ಖಾನೆಗೆ ಹೋಗುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲ, ಖಾನೆಯಲ್ಲಿರುವುದು ನಾದಿನಿ ಎಂದು ಅವರಿಗೆ ಗೊತ್ತಿರಲಿಲ್ಲ. ಮೂರು ತಲೆಮಾರಿನ ವೈದ್ಯದ ಮನೆಯಲ್ಲಿ ಎರಡು ಹೆಸರುಗಳನ್ನು ಯಾರೂ ಒಂದು ಕಡೆ ಕೂರಿಸಿರಲಿಲ್ಲ. ಅವಳು ಒಂದೊಂದು ಹಸಿರಿನ ಪಕ್ಕ ಅದೇ ಗಿಡದ ಒಣ ಕಡ್ಡಿ ಇಟ್ಟು ಹೊಸ್ತಿಲಿಗೆ ತಂದಳು. ಹಸಿರು ಹೊಸ್ತಿಲ ಈಚೆ, ಒಣಗಿದ್ದು ಆಚೆ. ಅವರು ಒಣಗಿದ್ದನ್ನು ಮುರಿದು, ಮೂಸಿ, "ಉತ್ತರಾಣಿ" ಎಂದರು. ಹಸಿರನ್ನು ನೋಡಿ, "ಇದೇನಾ ಅದು," ಎಂದರು, ವರ್ಷಗಟ್ಟಲೆ ಪತ್ರ ಬರೆದವರ ಮುಖ ಮೊದಲ ಸಲ ಕಂಡವರ ಹಾಗೆ. ನಡುವಿನ ಮಗಳು ನೆಲನೆಲ್ಲಿಯಾದಳು. ಬೀಗಿತ್ತಿ ಅಮೃತಬಳ್ಳಿಯಾದಳು. ಬೀಗಿತ್ತಿಗೆ ಅಷ್ಟು ದೊಡ್ಡ ಹೆಸರು ಯಾರಿಟ್ಟರೋ ಎಂದು ಅವಳು ಅಂದಳು.

ಹೀಗೆ ನಲವತ್ತು ಚಿಲ್ಲರೆ ಗಿಡಗಳ ಪರಿಚಯವಾಯಿತು. ಗೋಡೆ ಹೇಗಿದೆ ಎಂದು ಅವಳು ದಿನಾ ಕೇಳುತ್ತಿದ್ದಳು. ನಿನ್ನೆ ಥರಾನೇ ಎಂದು ಅವರು ದಿನಾ ಹೇಳುತ್ತಿದ್ದರು.

ಒಂದು ಗಿಡವನ್ನು ಮಾತ್ರ ಅವಳು ಪರಿಚಯಿಸಲಿಲ್ಲ. ನಲ್ಲಿಯ ಕೆಳಗೆ, ಕಲ್ಲಿನ ಪಕ್ಕ, ಉದ್ದ ಎಲೆಯ ಸೊಂಪಾದ ಗಿಡ. ಅದರ ಹೆಸರು ತಂಗಿ.

ಹತ್ತೊಂಬತ್ತು ವರ್ಷಗಳ ಹಿಂದೆ ಅಕ್ಕ ಎಂಬ ಇನ್ನೊಂದು ಗಿಡ ಬೆಳೆಯುತ್ತಿತ್ತು, ಹಿತ್ತಲ ಹಿಂದಿನ ತೆರೆದ ಮೋರಿಯ ಬದಿಯಲ್ಲಿ. ಒಣಗಿಸಿದರೆ ಅದು ನಲವತ್ತೊಂದನೆಯ ಖಾನೆ, ಕೆಮ್ಮಿನದು. ಅದೊಂದು ಖಾನೆ ಅವಳಿಗೆ ಗೊತ್ತಿತ್ತು, ಏಕೆಂದರೆ ಹೊಸ್ತಿಲಿಗೆ ನೇರ ಎದುರಿಗೇ ಇತ್ತು. ಒಂದು ವರ್ಷ ಮೋರಿಯ ಮೇಲೆ ಕಲ್ಲು ಹಾಸಿ ಮುಚ್ಚಿದರು. ಬೀದಿಯವರೆಲ್ಲ ಸಂತೋಷಪಟ್ಟರು. ಅಕ್ಕ ಬರಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಕೇಳಿದರೆ, ಅಕ್ಕ ಇಲ್ಲದಿದ್ದರೆ ತಂಗಿಯನ್ನು ಕಳಿಸು, ನನ್ನತ್ತೆಯೂ ಹಾಗೇ ಮಾಡುತ್ತಿದ್ದರು, ಹುಡುಗರಿಗೆ ಹೇಳಬೇಡ, ಗಾಬರಿಯಾಗುತ್ತಾರೆ ಎಂದರು. ಹುಡುಗರು ಎಂದರೆ ಮಾವನವರು ಮತ್ತು ಪಂಡಿತರು. ಸೊಸೆ ಹತ್ತು ದಿನ ತಾನೇ ತಂಗಿಯ ಕಷಾಯ ಕುಡಿದು ನೋಡಿದಳು. ಏನೂ ಆಗಲಿಲ್ಲ. ಕಟ್ಟು ಕಟ್ಟಿ, ಹೊಸ್ತಿಲ ಮೇಲಿಟ್ಟು, ಅಲ್ಲೇ ನಿಂತಳು. ಪಂಡಿತರು ಮುರಿದರು, ಮೂಸಿದರು. ಸ್ವಲ್ಪ ತಡೆದು "ಹೂಂ" ಎಂದರು. ಅಂದಿನಿಂದ ನಲವತ್ತೊಂದರ ಚೀಟಿಯ ಮೇಲೆ ಅಕ್ಕನ ಪುಸ್ತಕದ ಹೆಸರು, ಒಳಗೆ ತಂಗಿ.

ಇದನ್ನು ಈಗ ಹೇಳುವುದು ಹೇಗೆ? ಸುಳ್ಳಿನ ಖಾನೆಯಿಂದ ಔಷಧ ಕೊಟ್ಟೆನೆಂದು ತಿಳಿದರೆ ಪರೀಕ್ಷೆಗೆ ಹೋಗುವ ಮೊದಲೇ ಇವರು ಬೋರ್ಡು ಇಳಿಸಿಬಿಡುತ್ತಾರೆ. ಅಂಥ ಮನುಷ್ಯ. ಪರೀಕ್ಷೆಯಲ್ಲಿ ತಂಗಿ ಬರಲಿಕ್ಕಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಪರೀಕ್ಷೆಯ ದಿನ ಪಂಡಿತರು ಅವಳನ್ನೂ ಬಾ ಎಂದರು. ಕೊಡೆ ಹಿಡಿಯಲು ಇರಬೇಕು ಎಂದುಕೊಂಡು ಹೊರಟಳು. ಕಚೇರಿಯ ಬಾಗಿಲಲ್ಲಿ ಜವಾನ ಪಟ್ಟಿ ನೋಡಿ ಎರಡು ಹೆಸರು ಕೂಗಿದ. ಎರಡನೆಯದು ತನ್ನದೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಹೆಸರು ಹಿಡಿದು ಯಾರಾದರೂ ಕೂಗಿ ಬಹಳ ಕಾಲವಾಗಿತ್ತು. ಹೊಸ ಅರ್ಜಿಯಲ್ಲಿ ಸಹಾಯಕರ ಗೆರೆ ಖಾಲಿ ಇರಲಿಲ್ಲ. ಪಂಡಿತರು ಆ ಹೊತ್ತಿಗೆ ಸರಿಯಾಗಿ ಕೊಡೆಯ ಗುಂಡಿ ಹಾಕುವುದರಲ್ಲಿ ಮಗ್ನರಾಗಿದ್ದರು.

ಪರೀಕ್ಷಾಧಿಕಾರಿ ಐವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಿಯಮ ಓದಿ ಹೇಳಿದರು: ಸಹಾಯಕರು ಗಿಡ ಮುಟ್ಟಬಹುದು, ಎಲೆ ಮಗುಚಿ ತೋರಿಸಬಹುದು, ಮಾತಾಡಬಾರದು. ಮೂವತ್ತೊಂದು ವರ್ಷ ಅದನ್ನೇ ಮಾಡಿದವಳಿಗೆ ನಿಯಮ ಕಷ್ಟವೆನಿಸಲಿಲ್ಲ.

ಅಂಗಳದಲ್ಲಿ ಸಾಲಾಗಿ ಇಪ್ಪತ್ತು ಕುಂಡ. ಮೊದಲನೆಯದರ ಮುಂದೆ ಪಂಡಿತರು ಬಗ್ಗಿ, ಬಾಯೊಳಗೇ ನಾದಿನಿ ಎಂದರು.

"ಏನಂದ್ರಿ?"

"ಉತ್ತರಾಣಿ."

ಅಧಿಕಾರಿ ಗುರುತು ಹಾಕಿಕೊಂಡರು. ಅಜ್ಜಿ ಲೋಳೆಸರವಾದಳು, ಹೊಸ ಸೊಸೆ ನಾಚಿಕೆಮುಳ್ಳಾದಳು. ನೆಂಟರ ಮನೆಯ ಸಾಲಿನಲ್ಲಿ ಕ್ಷೇಮ ವಿಚಾರಿಸುತ್ತ ಹೋಗುವವರ ಹಾಗೆ ಪಂಡಿತರು ಮುಂದೆ ಮುಂದೆ ಹೋದರು. ಎರಡು ಕಡೆ ತಪ್ಪಿದರು. ಹದಿನಾರು ಮುಗಿದಾಗ ಹದಿನಾಲ್ಕು ಸರಿ. ಇನ್ನೊಂದು ಸಾಕು. ಅವಳು ಕೊನೆಯ ಮೂರು ಕುಂಡಗಳ ಕಡೆ ನೋಡಿದಳು. ಎಲ್ಲಿಯೋ ಎತ್ತರದ ಗುಡ್ಡದಿಂದ ತಂದ, ರೋಮ ತುಂಬಿದ ಎಲೆಯ ಗಿಡಗಳು. ಅವರಿಗೂ ಗೊತ್ತಿಲ್ಲ, ತನಗೂ ಗೊತ್ತಿಲ್ಲ. ಉಳಿದದ್ದು ಹದಿನೇಳನೆಯದು.

ಹದಿನೇಳನೆಯ ಕುಂಡದಲ್ಲಿ ತಂಗಿ ಸೊಂಪಾಗಿ ನಿಂತಿದ್ದಳು.

ನಲ್ಲಿಯ ಕೆಳಗಿನ ಗಿಡವನ್ನು ಪಂಡಿತರು ದಿನಾ ನೋಡಿದ್ದಾರೆ. ಎಲೆ ಜಜ್ಜಿ ಮೂಸಿದರೆ ಖಾನೆಯ ವಾಸನೆ ನೆನಪಾಗುತ್ತದೆ. ಖಾನೆಯ ಮೇಲಿನ ಹೆಸರು ಹೇಳುತ್ತಾರೆ. ಹೇಳಿದರೆ ಉತ್ತರ ತಪ್ಪು, ಅದೂ ಹತ್ತೊಂಬತ್ತು ವರ್ಷದ ತಪ್ಪು, ಅಧಿಕಾರಿಯ ಎದುರಿಗೇ. ತನಗೆ ಮಾತಾಡುವ ಹಾಗಿಲ್ಲ. ಮಾತಾಡುವ ಹಾಗಿದ್ದ ಕಾಲದಲ್ಲಿ ತಾನು ಮಾತಾಡಲಿಲ್ಲ.

ಪಂಡಿತರು ಒಂದು ಎಲೆ ಮುರಿದರು. ಕಿವಿಯ ಹತ್ತಿರ ಹಿಡಿದರು. ಹಸಿ ಎಲೆ ಸದ್ದು ಮಾಡಲಿಲ್ಲ. ಮೂಸಿದರು.

"ಇದು ನಮ್ಮನೇಲಿ ನಲವತ್ತೊಂದನೇ ಖಾನೆ," ಎಂದರು. "ಆದ್ರೆ ಖಾನೆ ಮೇಲಿರೋ ಹೆಸರು ಇದರದ್ದಲ್ಲ."

ಅಧಿಕಾರಿ ಕನ್ನಡಕ ಏರಿಸಿಕೊಂಡರು.

ಪಂಡಿತರು ಸಾವಕಾಶವಾಗಿ, ಯಾರದೋ ಕಾಯಿಲೆಯ ವಿವರ ಹೇಳುವವರ ಹಾಗೆ ಹೇಳಿದರು. ಒಂದು ವರ್ಷ ಕಟ್ಟು ಬದಲಾಯಿತು. ಹಳೆಯದು ಮುರಿದರೆ ಟಕ್ ಎನ್ನುತ್ತಿತ್ತು, ಹೊಸದು ನಾರು ಬಿಟ್ಟು ಸೀಳುತ್ತಿತ್ತು. ಹಳೆಯದಕ್ಕೆ ಕೆಸರಿನ ವಾಸನೆ, ಹೊಸದಕ್ಕೆ ಹಳೆಯ ಕಾಗದದ ವಾಸನೆ. ಒಂದು ವಾರ ಯಾರಿಗೂ ಕೊಡದೆ ನಾನೇ ಕುದಿಸಿ ಕುಡಿದು ನೋಡಿದೆ. ಮದ್ದಿನ ಮಾತನ್ನು ಕೆಮ್ಮು ಕೇಳುತ್ತದೋ ನೋಡಲು ಕೆಮ್ಮು ಬೇಕಲ್ಲ, ಅದಕ್ಕಾಗಿ ಎರಡು ದಿನ ತಣ್ಣೀರಲ್ಲಿ ಸ್ನಾನವನ್ನೂ ಮಾಡಿದೆ. ಕೇಳಿತು.

"ಗೊತ್ತಿದ್ದೂ ಯಾಕೆ ಚೀಟಿ ಬದಲಾಯಿಸ್ಲಿಲ್ಲ?"

"ಬದಲಾಯಿಸಿದ್ರೆ, ಇವಳು ಕೊಟ್ಟಿದ್ದು ತಪ್ಪು ಅಂತ ನಾನು ಹೇಳ್ದಂಗಾಗ್ತಿತ್ತು. ತಪ್ಪಾಗಿದ್ರೆ ಇವಳು ಕೊಡ್ತಿರ್ಲಿಲ್ಲ."

ಅವಳು ಕುಂಡದ ಅಂಚನ್ನು ಹಿಡಿದುಕೊಂಡಳು. ಆ ವಾರ ಅವಳಿಗೆ ನೆನಪಿತ್ತು. ಗಂಡ ಕೆಮ್ಮುತ್ತಿದ್ದಾರೆಂದು ಅವಳೇ ಬಿಸಿನೀರು ಕಾಯಿಸಿ ಕೊಟ್ಟಿದ್ದಳು. ಹೊರಗಿನ ಬಚ್ಚಲಲ್ಲಿ ತಣ್ಣೀರು ಸುರಿದ ಸದ್ದು ಕೇಳಿ, ಇವರಿಗೆ ಬುದ್ಧಿ ಇಲ್ಲ ಎಂದುಕೊಂಡಿದ್ದಳು.

ಅಧಿಕಾರಿ ಪೆನ್ನು ಕುಟ್ಟುತ್ತ, ಇದೆಲ್ಲ ಸರಿ, ಆದರೆ ಇದರ ಹೆಸರೇನು ಎಂದರು. ಪುಸ್ತಕದ ಹೆಸರಾದರೂ ಆಗಬಹುದು, ಮನೆಯಲ್ಲಿ ಕರೆಯುವ ಹೆಸರಾದರೂ ಆಗಬಹುದು, ನಮೂನೆಯಲ್ಲಿ ಎರಡಕ್ಕೂ ಜಾಗವಿದೆ.

"ನನಗೆ ಗೊತ್ತಿಲ್ಲ," ಎಂದರು ಪಂಡಿತರು. "ತಿಂಗಳಿಡೀ ಎಲ್ಲರ ಪರಿಚಯ ಮಾಡಿಸಿದ್ಲು, ಈ ಕುಂಡದವಳೊಬ್ಬಳನ್ನ ಬಿಟ್ಟು. ಹಾಗಾಗಿ ನಲ್ಲಿ ಕೆಳಗಿನವಳೇ ಆ ಖಾನೆಯವಳು ಅಂತ ಗೊತ್ತಾಯ್ತು. ಹೆಸರು ಇವಳನ್ನೇ ಕೇಳ್ಬೇಕು."

"ಅವರು ಮಾತಾಡೋ ಹಾಗಿಲ್ಲ."

"ಹಾಗಾದ್ರೆ ನನ್ನ ಉತ್ತರ ಇಷ್ಟೇ."

ಅಧಿಕಾರಿ ಹದಿನೇಳನೆಯ ಸಾಲಿನ ಮೇಲೆ ಪೆನ್ನು ಇಟ್ಟರು. ಅಲ್ಲಿ ಹೊಡೆಯಬೇಕಾದ ಗೆರೆ ಹೊಡೆಯಲಿಲ್ಲ. ಪೆನ್ನನ್ನು ಮುಚ್ಚಿ, ಬಾಯಾರಿಕೆ ಎಂದು ಹೇಳಿ, ಅಂಗಳದ ಆ ಮೂಲೆಯ ನೀರಿನ ಹೂಜಿಯ ಹತ್ತಿರ ಹೋಗಿ ಇವರಿಗೆ ಬೆನ್ನು ಮಾಡಿ ನಿಂತರು. ಒಂದು ಲೋಟ ನೀರು ನಿಧಾನವಾಗಿ ಕುಡಿದರು. ಜವಾನನನ್ನೂ ಕರೆದು, ನೀನೂ ಕುಡಿ ಎಂದರು. ಅವನು ಬೇಡವೆಂದರೂ ಬಿಡಲಿಲ್ಲ. ಎರಡನೆಯ ಲೋಟ ತುಂಬಿಕೊಂಡರು.

"ತಂಗಿ," ಎಂದಳು ಅವಳು.

ಪಂಡಿತರು ತಲೆಯಾಡಿಸಿದರು, ಗೋಡೆಗೆ ಆಡಿಸಿದ ಹಾಗೆಯೇ.

ಅಧಿಕಾರಿ ವಾಪಸು ಬಂದು, ಹೂಂ, ಹೇಳಿ ಎಂದರು. ಪಂಡಿತರು ತಂಗಿ ಎಂದರು, ಖಾನೆಯ ಮೇಲಿನ ಹೆಸರನ್ನೂ ಹೇಳಿದರು. ಅಧಿಕಾರಿ ಕುಂಡದ ಅಡಿಯ ಚೀಟಿಯಲ್ಲಿದ್ದ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಿ, ಪುಸ್ತಕದಲ್ಲೂ ಇದೂ ಅದೂ ಒಂದೇ ಕುಟುಂಬವೆಂದೇ ಬರೆದಿದ್ದಾರೆ ಎಂದು ಹೇಳಿ ಗುರುತು ಹಾಕಿದರು. ಹದಿನೈದು. ಕೊನೆಯ ಮೂರು ಕುಂಡಗಳ ಎದುರು ಪಂಡಿತರು ನಮಗೆ ಇವರ ಪರಿಚಯವಿಲ್ಲ ಎಂದು ಮೂರು ಸಲ ಹೇಳಿದರು.

ಹೊರಡುವಾಗ ಅಧಿಕಾರಿ ದನಿ ಗಟ್ಟಿ ಮಾಡಿದರು. "ನಲವತ್ತೊಂದರ ಚೀಟಿ ಬದಲಾಗ್ಬೇಕು. ನಾನೇ ಬಂದು ನೋಡ್ತೀನಿ. ಅಲ್ಲಿವರೆಗೂ ಪ್ರಮಾಣಪತ್ರ ನನ್ನ ಮೇಜಲ್ಲೇ ಇರತ್ತೆ." ಆಮೇಲೆ ಅವಳ ಕಡೆ ತಿರುಗಿ, ನಿಮ್ಮ ಹಿಂದಿನ ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿದರು. ಮಂಡಿನೋವಂತೆ.

ಇಬ್ಬರೂ ಮನೆಯ ಹತ್ತಿರ ಬಂದರು. ದರ್ಜಿ ಅಂಗಡಿಯಿಂದ ಕತ್ತು ಚಾಚಿ, ಎಷ್ಟು ಬಂತು ಎಂದು ಕೇಳಿದ. ಪಂಡಿತರು, ನಿನ್ನ ಅತ್ತಿಗೆಯನ್ನು ಕೇಳು ಎಂದು ಒಳಗೆ ನಡೆದರು. ಅವಳು ಹದಿನೈದು ಎಂದಳು. ಬೇರೆ ಏನು ಹೇಳಿದರೂ ಸಂಜೆಯೊಳಗೆ ಬೀದಿಗೆಲ್ಲ ಹೊಲಿಗೆ ಹಾಕುತ್ತಾನೆಂದು ಗೊತ್ತಿತ್ತು.

ಒಳಗೆ ಪಂಡಿತರು ಕೊಡೆಯನ್ನು ಕೊಡೆಯ ಮೊಳೆಗೆ ಹಾಕಿ, ಚಾಕುವಿನ ತುದಿಯಿಂದ ನಲವತ್ತೊಂದರ ಚೀಟಿ ಎಬ್ಬಿಸುತ್ತಿದ್ದರು. ತಂದೆಯ ಅಕ್ಷರ ಹರಿಯದ ಹಾಗೆ ಎಬ್ಬಿಸಿ ಅವಳ ಕೈಗೆ ಕೊಟ್ಟರು. ಇದು ಅಕ್ಕನ ಹೆಸರು, ಮೋರಿ ಮುಚ್ಚಿದ ಮೇಲೆ ಅವಳು ಬರಲಿಲ್ಲ ಎಂದಳು. ಹೊಸ ಚೀಟಿ ಕತ್ತರಿಸಿಕೊಂಡು, ಗಿಡದ ಒಂದು ರೆಂಬೆ ತಾ, ನೋಡಿಕೊಂಡು ಬರೆಯುತ್ತೇನೆ ಎಂದರು.

ಅವಳು ನಲ್ಲಿಯ ಕೆಳಗಿನಿಂದ ಒಂದು ರೆಂಬೆ ಕಿತ್ತು ತಂದು ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ರೆಂಬೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಾ," ಎಂದರು ಪಂಡಿತರು. "ಬೂಷ್ಟು ಬಂದ್ರೆ ಒರೆಸಿದ್ರಾಯ್ತು."

ಅವಳು ದಾಟಿದಳು. ಅವರು ಕುರ್ಚಿಯ ಮೇಲಿದ್ದ ತೂಕದ ಬಟ್ಟಲು ಎತ್ತಿ ನೆಲದ ಮೇಲಿಟ್ಟು, ಕುರ್ಚಿಯನ್ನು ಅವಳ ಕಡೆ ಸರಿಸಿ, ತಾವು ನಿಂತೇ ಬರೆದರು. ಮೇಲೆ ಅಧಿಕಾರಿ ಓದಿದ್ದ ಪುಸ್ತಕದ ಹೆಸರು, ಕೆಳಗೆ ತಂಗಿ. ಅಂಟು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಅಕ್ಕ ಇನ್ನು ಎಲ್ಲೂ ಸಿಗಲ್ವಾ?" ಎಂದರು, ಚೀಟಿಯ ಮೇಲಿಂದ ಕೈ ತೆಗೆಯದೆ.

"ಎಲ್ಲಾದ್ರೂ ಮೋರಿ ತೆರೆದಿದ್ರೆ ಸಿಗ್ತಾಳೆ."

"ನಾಳೆ ಬೆಳಿಗ್ಗೆ ಹೋಗಿ ಹುಡುಕೋಣ."

"ಗೋಡೆ ನೋಡೋ ಕೆಲಸ?"

ಪಂಡಿತರು ಯೋಚಿಸಿದರು.

"ಗೋಡೆ ಎಲ್ಲಿಗೂ ಹೋಗಲ್ಲ," ಎಂದರು.